ತುದಿಯ ಎರಡು ವರ್ಷ

ಎಕ್ಸ್-ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ಅವಳು ತೊಡೆಯ ಮೇಲಿನ ಟವೆಲಿನ ಸುರುಳಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಸುರುಳಿಯೊಳಗೆ ಹವಳದ ಒಂದು ಸೀಳಿತ್ತು. ಮೊಳದುದ್ದ, ಮೂರು ಬೆರಳಗಲ, ಬೀಳಿಸಿದರೆ ಬಿಸ್ಕತ್ತಿನಂತೆ ಮುರಿಯುವಷ್ಟು ತೆಳು. ಪಕ್ಕದಲ್ಲಿ ಮುಂಗೈ ಮುರಿದುಕೊಂಡು ಕತ್ತಿಗೆ ಬಟ್ಟೆಯ ಜೋಲಿ ಕಟ್ಟಿಸಿಕೊಂಡಿದ್ದ ಅಜ್ಜಿಯೊಬ್ಬಳು ಎರಡು ಸಲ ಸುರುಳಿಯನ್ನೂ ಒಂದು ಸಲ ಇವಳ ಮುಖವನ್ನೂ ನೋಡಿದಳು. ಕೊನೆಗೆ ತಡೆಯಲಾರದೆ, “ಮಗೂನಾ?” ಎಂದು ಕೇಳಿದಳು. ಈಗೀಗ ಯಾರಾದರೂ ಮಾತಾಡಿದರೆ ಅವಳಿಗೆ ಮೊದಲು ತುಟಿ ಕಾಣುತ್ತಿತ್ತು, ಮಾತು ಆಮೇಲೆ ಬಂದು ಸೇರುತ್ತಿತ್ತು. “ಅಲ್ಲ ಅಜ್ಜಿ, ಕಲ್ಲು,” ಎಂದಳು. ಅಜ್ಜಿ “ಓ” ಎಂದು, ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಜೋಪಾನವಾಗಿ ಎತ್ತಿಕೊಂಡು, ಬೆಂಚಿನ ಆಚೆ ತುದಿಗೆ ಸರಿದು ಕೂತಳು.

ಬೆಳಗ್ಗೆ ಮನೆಯಿಂದ ಹೊರಡುವಾಗ ಅತ್ತೆ ಬಾಗಿಲವರೆಗೂ ಬಂದಿದ್ದರು. ಬಾಗಿಲವರೆಗೆ ಬರುವುದು ಅವರ ಅಭ್ಯಾಸವಲ್ಲ. “ಇವತ್ತು ಗೊತ್ತಾಗುತ್ತೆ ಅಲ್ವಾ, ಅವನು ಹೇಳಿದ್ದೇ ಸರಿ ಅಂತ?” ಎಂದಿದ್ದರು. ಇವಳು ಚಪ್ಪಲಿ ಹುಡುಕುವಂತೆ ಬಗ್ಗಿ, “ಚಿತ್ರ ಬರ್ಲಿ ಅತ್ತೆ,” ಎಂದಿದ್ದಳು. “ಬರ್ಲಿ. ಬಂದ್ಮೇಲೆ ಆ ಅನುಮಾನದ ಮನುಷ್ಯನಿಗೆ ಒಂದು ಪ್ರತಿ ಕಳಿಸು. ಮುಖಕ್ಕೆ ಹಿಡ್ದು ನೋಡ್ಕೊಳ್ಲಿ.” ಅನುಮಾನದ ಮನುಷ್ಯ ಯಾರೆಂದು ಯಾರಿಗೂ ಗೊತ್ತಿಲ್ಲ. ಎಲ್ಲೋ ದೂರದಲ್ಲಿ ಕೂತು, ಹೆಸರು ಹಾಕದೆ, ಅವಳ ಗಂಡನ ಬರಹವನ್ನು ಓದಿ, ‘ಒಂದೇ ದಿಂಡನ್ನು ನಂಬುವುದು ಹೇಗೆ? ಇನ್ನೊಂದು ಬೇಕು’ ಎಂದು ಎರಡು ಸಾಲು ಬರೆದವನು. ಹವಳವನ್ನು ಕೊರೆದು ಆ ಇನ್ನೊಂದು ದಿಂಡನ್ನು ತರಲೆಂದು ಗಂಡ ನೀರಿಗಿಳಿದಿದ್ದ. ಅವನನ್ನು ಮೇಲೆತ್ತಿದಾಗ ಸೊಂಟಕ್ಕೆ ಕಟ್ಟಿದ್ದ ಬಲೆಚೀಲದಲ್ಲಿ ದಿಂಡು ಇತ್ತು. ಅಂಥ ಗಲಾಟೆಯಲ್ಲೂ ಯಾರೋ ಪುಣ್ಯಾತ್ಮರು ಅದನ್ನು ತೊಳೆದು, ಒಣಗಿಸಿ, ಸಂಖ್ಯೆ ಬರೆದು ಪ್ರಯೋಗಾಲಯದ ಕಪಾಟಿನಲ್ಲಿಟ್ಟಿದ್ದರು. ಮೊನ್ನೆ ಅವಳು ಅದರಿಂದ ಈ ಸೀಳನ್ನು ಕೊಯ್ಯುವವರೆಗೆ ಹದಿನಾಲ್ಕು ತಿಂಗಳು ಅದು ಅಲ್ಲೇ ಇತ್ತು. ಕಪಾಟಿನ ಎದುರೇ ಅವಳ ಮೇಜು.

ಅತ್ತೆ ಹಿಂದೊಮ್ಮೆಯೂ ಸಮುದ್ರದ ವಿಷಯ ಕೇಳಿದವರಲ್ಲ. ಮಗ ಹೋದಮೇಲೆ ಕೇಳತೊಡಗಿದರು. ಹವಳ ಅಂದ್ರೆ ಗಿಡಾನಾ, ಕಲ್ಲಾ, ಹುಳಾನಾ? ಮೂರೂ ಅತ್ತೆ, ಎಂದು ಇವಳು ಮೊದಲ ಸಲ ಹೇಳಿದಾಗ, ಹಾಗಾದ್ರೆ ನಮ್ಮ ಸಂಸಾರದ ಹಾಗೆ, ಎಂದಿದ್ದರು. ಹುಳ ತನ್ನ ಕೆಳಗೆ ತಾನೇ ಕಲ್ಲು ಕಟ್ಟಿಕೊಳ್ಳುತ್ತದೆ, ಮೈಯೊಳಗೆ ಪಾಚಿಯನ್ನು ಇಟ್ಟುಕೊಂಡಿರುತ್ತದೆ, ಆ ಪಾಚಿಯೇ ಅದರ ಬಣ್ಣ, ಆ ಪಾಚಿಯೇ ಅದರ ಊಟ, ನೀರು ಕಾದರೆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ, ಆಗ ಬಿಳಿಚಿಕೊಳ್ಳುತ್ತದೆ. ಊಟ ಹಾಕುವವರನ್ನೇ ಹೊರಗೆ ಹಾಕೋದಾ, ಎಂದು ಅತ್ತೆ ಕೇಳಿದ್ದರು. ತಕ್ಷಣ ಸಾಯಲ್ಲ ಅತ್ತೆ, ಉಪವಾಸ ಇರುತ್ತೆ. ಉಪವಾಸ ಇದ್ದಷ್ಟು ದಿನ ಕಲ್ಲು ಕಟ್ಟಲ್ಲ. ಪಾಚಿ ವಾಪಸ್ ಬಂದ್ರೆ ಬದುಕುತ್ತೆ. ಬರದಿದ್ದರೆ? ಅತ್ತೆ ಆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾದಿರಲಿಲ್ಲ. ಗೋಡೆಯ ಮೇಲೆ ಚೌಕಟ್ಟಿನೊಳಗಿದ್ದ ಪತ್ರಿಕೆಯ ತುಣುಕನ್ನು ನೋಡಿ, “ಇವನ ಹವಳದ ದಿಬ್ಬ ಬಿಳಿಚಿಕೊಂಡ್ರೂ ಬೆಳೀತು ಅಲ್ವಾ,” ಎಂದಿದ್ದರು. ‘ಬಿಸಿಗೆ ಬಗ್ಗದ ದಿಬ್ಬ’ ಎಂದು ತುಣುಕಿನ ತಲೆಬರಹ. ಕೆಳಗೆ ಅವನ ಫೋಟೋ, ಕಣ್ಣು ಅರ್ಧ ಮುಚ್ಚಿಕೊಂಡದ್ದು. ಸೊಸೆ ದಿನಕ್ಕೆ ಹತ್ತು ಸಲ ಹಾದುಹೋಗುವ ಗೋಡೆ ಅದು.

“ಬನ್ನಿ ಕಲ್ಲಮ್ಮ,” ಎಂದು ಎಕ್ಸ್-ರೇ ತೆಗೆಯುವವರು ಬಾಗಿಲಿಂದ ಕರೆದರು. ಆರು ವರ್ಷದಿಂದ ರೋಗಿಗಳ ನಡುವೆ ಬಿಡುವು ಮಾಡಿ ಕಲ್ಲುಗಳ ಚಿತ್ರ ತೆಗೆದುಕೊಡುತ್ತಿದ್ದವರು. ಗಂಡ ಬರುತ್ತಿದ್ದಾಗ ಅವನನ್ನು ಕಲ್ಲಪ್ಪ ಎನ್ನುತ್ತಿದ್ದರು. ಸುರುಳಿ ಬಿಚ್ಚಿ ಮೇಜಿನ ಮೇಲಿಟ್ಟಾಗ ಅವರು ಎಂದಿನಂತೆ, “ಉಸಿರು ಬಿಗಿ ಹಿಡೀರಿ… ಬಿಡಿ,” ಎಂದು ಕಲ್ಲಿಗೆ ಹೇಳಿ, ಇವಳು ನಗಲೆಂದು ಕಾದರು. ಇವಳು ನಕ್ಕಳು. ತುಟಿ ಎಷ್ಟು ಅಗಲಿಸಿದರೆ ನಗು ಎಂದು ಎದುರಿನವರು ಒಪ್ಪುತ್ತಾರೆ ಎಂಬುದು ಈ ಹದಿನಾಲ್ಕು ತಿಂಗಳಲ್ಲಿ ರೂಢಿಯಾಗಿತ್ತು. ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಅವರು ಹಿಂದೆ ಸರಿದರು. “ಏನು, ಮೂಳೆ ಗಟ್ಟಿ ಇದೆಯಾ?”

ಮರದ ಸುತ್ತುಗಳಂತೆ ಹವಳದ ಕಲ್ಲಿನಲ್ಲಿ ವರ್ಷಕ್ಕೊಂದು ಪಟ್ಟೆ, ಒಂದು ಬೆಳ್ಳಗೆ, ಒಂದು ಕಪ್ಪಗೆ, ಎರಡೂ ಸೇರಿ ಒಂದು ವರ್ಷ. ಕಿರುಬೆರಳಿನ ಉಗುರಿನ ಅಗಲದಷ್ಟು ದಪ್ಪ. ತುದಿಯಿಂದ ಕೆಳಗೆ ಎಣಿಸುತ್ತ ಹೋಗಬೇಕು. ತುದಿಯೆಂದರೆ ದಿಂಡನ್ನು ತೆಗೆದ ವರ್ಷ. ಅವಳು ಬೆರಳಿಟ್ಟು ಎಣಿಸಿದಳು. ತುದಿಯ ನಾಲ್ಕು ವರ್ಷದ ಪಟ್ಟೆಗಳು ಒಂದರ ಮೇಲೊಂದು ಒತ್ತಿಕೊಂಡು, ಎರಡು ವರ್ಷಕ್ಕೆ ಸಾಲದ ಜಾಗದಲ್ಲಿ ಕೂತಿದ್ದವು. ಅವುಗಳ ಕೆಳಗೆ ತಂತಿಯಷ್ಟು ತೆಳ್ಳಗಿನ ಬಿಳಿ ಗೆರೆ. ಅದು ಅವರ ಮದುವೆಯ ವರ್ಷ. ಆ ಬೇಸಿಗೆ ಸಮುದ್ರ ಕಾದು, ದಡದಲ್ಲಿ ನಿಂತವರಿಗೂ ದಿಬ್ಬ ಬೆಳ್ಳಗೆ ಕಾಣಿಸಿತ್ತು. ಅವಳ ಬೆರಳು ಕೆಳಗಿಳಿಯಿತು. ಅವಳು ಶಾಲೆಗೆ ಸೇರಿದ ವರ್ಷ ಇನ್ನೊಂದು ಬಿಳಿ ಗೆರೆ. ಅದೂ ಸೆಕೆಯ ವರ್ಷವೇ. ಎರಡು ಸೆಕೆಗೆ ಎರಡು ಗಾಯ, ಪ್ರತಿ ಗಾಯದ ಮೇಲೆ ಮೂರು ನಾಲ್ಕು ವರ್ಷ ಬೆಳವಣಿಗೆಯೇ ಇಲ್ಲವೆಂಬಂತೆ ಕುಗ್ಗಿದ ಪಟ್ಟೆಗಳು. ಬಿಸಿಗೆ ಬಗ್ಗಿದ ದಿಬ್ಬ. ಬೇರೆ ಎಲ್ಲ ದಿಬ್ಬಗಳಂತೆಯೇ. “ಗಟ್ಟಿ ಇಲ್ಲ,” ಎಂದಳು. “ವಯಸ್ಸಾಯ್ತಲ್ಲ ಪಾಪ,” ಎಂದರು ಅವರು, ಮುರಿದ ಕೈಯ ಅಜ್ಜಿಯನ್ನು ಒಳಗೆ ಕರೆಯುತ್ತ.

ರಸ್ತೆ ದಾಟುವಾಗ ಅವಳು ಆಲೋಚಿಸಿದ್ದು ಅವನ ಬಗ್ಗೆ ಅಲ್ಲ, ಅಂಕಿಯ ಬಗ್ಗೆ. ಮೊದಲನೆಯ ದಿಂಡಿನಲ್ಲೂ ಇಂಥದೊಂದು ಗಾಯವಿತ್ತು. ಆದರೆ ಅದು ಬಿದ್ದದ್ದು ಅವಳು ಮೂರನೇ ತರಗತಿಯಲ್ಲಿದ್ದ ವರ್ಷಕ್ಕೆ. ಆ ವರ್ಷ ಸಮುದ್ರ ಕಾದಿರಲಿಲ್ಲ, ನದಿ ಉಕ್ಕಿ ಕೆಸರು ಬಂದಿತ್ತು. ಅದರ ಮೇಲೆಯೇ ಗಂಡ ಎಲ್ಲವನ್ನೂ ಕಟ್ಟಿದ್ದು: ಈ ದಿಬ್ಬಕ್ಕೆ ಬಿಸಿ ತಾಕುವುದಿಲ್ಲ, ಕೆಸರು ತಾಕುತ್ತದೆ, ಕೆಸರು ತಡೆದರೆ ಇದು ಏರುವ ಸಮುದ್ರದ ಜತೆಗೇ ಮೇಲೇರುತ್ತದೆ, ದಡವನ್ನು ಕಾಯುತ್ತದೆ. ಎಣಿಕೆ ಮುಗಿದ ದಿನ ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಫಿಲ್ಮಿನ ಮೇಲೆ ಅವಳು ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಒಂದು ದಪ್ಪ ಪಟ್ಟೆಯ ಮೇಲೆ ಅವನು ಬೆರಳಿಟ್ಟಿದ್ದ. “ನೋಡೇ, ನಮ್ಮ ಮದುವೆ ವರ್ಷ. ಊರೆಲ್ಲ ಬೆಂದು ಹೋಗ್ತಿರುವಾಗ ಇದು ಎಷ್ಟು ಪುಷ್ಟಿಯಾಗಿ ಬೆಳೆದಿದೆ.” ಅವಳು ಅವನ ಬೆರಳನ್ನು ನೋಡಿದ್ದಳೇ ಹೊರತು ಪಟ್ಟೆಯನ್ನಲ್ಲ. ಉಗುರಿನ ಸಂದಿಯಲ್ಲಿ ಯಾವಾಗಲೂ ಸುಣ್ಣದಂಥ ಬಿಳಿ ಪುಡಿ ಇರುತ್ತಿತ್ತು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಒಂದು ಸೈಕಲ್ಲು ಗಂಟೆ ಬಾರಿಸುತ್ತ ಅವಳ ಮೊಣಕೈ ಸವರಿಕೊಂಡು ಹೋಯಿತು. ಸವಾರ ತಿರುಗಿ ನೋಡಿ ಏನೋ ಬೈದ. ಬೈಗುಳ ಬಂದು ಸೇರುವಷ್ಟರಲ್ಲಿ ಅವಳು ಪ್ರಯೋಗಾಲಯದ ಮೆಟ್ಟಿಲು ಹತ್ತುತ್ತಿದ್ದಳು.

ಎರಡು ಫಿಲ್ಮನ್ನೂ ಕಿಟಕಿಯ ಗಾಜಿಗೆ ಅಂಟಿಸಿ, ಎಣಿಸಿದ ವರ್ಷಕ್ಕೆ ವರ್ಷ ಕೂಡುವಂತೆ ಪಕ್ಕಪಕ್ಕದಲ್ಲಿಟ್ಟು, ಅವಳು ಹಳೆಯದನ್ನು ಎರಡು ಪಟ್ಟೆಯಷ್ಟು ಕೆಳಗೆ ಜಾರಿಸಿದಳು. ಮೂರನೇ ತರಗತಿಯ ಗಾಯ ಇಳಿದು ಒಂದನೇ ತರಗತಿಯ ಪಕ್ಕ ಬಂದು ನಿಂತಿತು. ಅದರ ಮೇಲಿನ, ಕೆಳಗಿನ ಪಟ್ಟೆಗಳೆಲ್ಲ ಒಂದನ್ನೊಂದು ಗುರುತಿಸಿಕೊಂಡವು. ದಪ್ಪದ ಎದುರು ದಪ್ಪ, ತೆಳುವಿನ ಎದುರು ತೆಳು. ಮದುವೆಯ ವರ್ಷವೆಂದು ಅವನು ಬೆರಳಿಟ್ಟ ಆ ಪುಷ್ಟಿಯಾದ ಪಟ್ಟೆ, ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇರದ ವರ್ಷದ್ದು. ಹಳೆಯ ದಿಂಡಿನ ತುದಿ ಮದುವೆಯ ವರ್ಷಕ್ಕೇ ನಿಂತುಹೋಗಿತ್ತು. ಅಂದರೆ ಆ ಹವಳ ಅಲ್ಲಿ, ಆ ಸೆಕೆಯಲ್ಲೇ ಸತ್ತಿತ್ತು. ಅವನು ಅದನ್ನು ಕೊರೆದು ತೆಗೆದದ್ದು ಎರಡು ವರ್ಷದ ಮೇಲೆ. ಸತ್ತು ಎರಡು ವರ್ಷವಾದದ್ದನ್ನು ಅವರು ಬದುಕಿದೆ ಎಂದುಕೊಂಡು ಎಣಿಸಿದ್ದರು. ಎಲ್ಲ ಅಂಕಿಯೂ ಎರಡೆರಡು ವರ್ಷ ಮುಂದೆ ಜರುಗಿತ್ತು. ಹೆಸರಿಲ್ಲದ ಆ ಮನುಷ್ಯನ ಅನುಮಾನ ಸರಿಯಾಗಿತ್ತು.

ಇಂಥ ತಪ್ಪನ್ನು ಈ ಕಸುಬಿನಲ್ಲಿ ಮೊದಲ ವಾರವೇ ಕಲಿಸುತ್ತಾರೆ. ದಿಂಡು ಬಂದ ಕೂಡಲೇ ತುದಿ ನೋಡು. ಜೀವಂತವಾಗಿದ್ದರೆ ತುದಿಯಲ್ಲಿ ಉಗುರಿನ ದಪ್ಪದ ಕಂದು ಪದರ ಇರುತ್ತದೆ, ಮೂಗಿಗೆ ಹಿಡಿದರೆ ಮೀನಿನ ವಾಸನೆ. ಸತ್ತಿದ್ದರೆ ಹಸಿರು ಪಾಚಿ, ಪುಡಿ, ಸೂಜಿಮೊನೆಯಂಥ ರಂಧ್ರಗಳು. ಸತ್ತ ಕಲ್ಲನ್ನು ಮೀನು ಕೆರೆಯುತ್ತವೆ, ಹುಳು ಕೊರೆಯುತ್ತವೆ, ಬೆಳೆಯುವುದು ನಿಂತ ದಿನದಿಂದಲೇ ದಿಬ್ಬ ಕರಗಲು ಶುರು. ಒಂದು ನೋಟ ಸಾಕು. ನೋಡಿ, ದಾಖಲೆ ಪುಸ್ತಕದಲ್ಲಿ ‘ತುದಿ’ ಎಂಬ ಕಲಂ ಕೆಳಗೆ ಒಂದು ಪದ ಬರೆದು, ಆಮೇಲೆ ಬಿಳುಪಿನ ನೀರಿನಲ್ಲಿ ನೆನೆಹಾಕಬೇಕು. ನೆನೆದ ಮೇಲೆ ಬದುಕಿದ್ದದ್ದೂ ಸತ್ತದ್ದೂ ಒಂದೇ ಬಿಳಿ.

ದಾಖಲೆ ಪುಸ್ತಕ ತೆಗೆಯುವ ಅಗತ್ಯವಿರಲಿಲ್ಲ. ಆದರೂ ತೆಗೆದಳು. ‘ತುದಿ: ಜೀವಂತ.’ ಅವಳದೇ ಅಕ್ಷರ, ದುಂಡಗೆ, ಒತ್ತಿ ಬರೆದದ್ದು. ಅವನ ಸಾಮಾನಿದ್ದ ರಟ್ಟಿನ ಪೆಟ್ಟಿಗೆಯಿಂದ ಮುಳುಗುವಾಗ ಬರೆಯುತ್ತಿದ್ದ ಪುಸ್ತಕವನ್ನೂ ತೆಗೆದಳು, ನೀರಿಗೆ ನೆನೆಯದ ಹಾಳೆಯದು. ಮೊದಲನೆಯ ದಿಂಡು ತೆಗೆದ ದಿನದ ಪುಟದಲ್ಲಿ ಪೆನ್ಸಿಲಿನ ಓರೆ ಅಕ್ಷರ: ‘ನೀರು ಕದಡಿದೆ. ಕೈ ತಡವಿ ಕೊರೆದೆ. ತುದಿ ಗೊತ್ತಾಗಲಿಲ್ಲ. ಕೊಯ್ಯುವಾಗ ನೋಡುವುದು.’ ಅವನು ನೋಡುವುದು ಎಂದು ಬರೆದದ್ದು ಅವಳಿಗೆ. ಅವಳು ಮಾರನೆಯ ದಿನ ಬೆಳಗ್ಗೆ ದಿಂಡನ್ನು ಚೀಲದಿಂದ ಸುರಿದು ನೇರ ಬಿಳುಪಿನ ನೀರಿನ ತೊಟ್ಟಿಗೆ ಹಾಕಿದ್ದಳು. ತುದಿ ಮೇಲೋ ಕೆಳಗೋ ಎಂದೂ ನೋಡಿರಲಿಲ್ಲ. ಅವನ ಮೇಲೆ ಅಷ್ಟು ಸಿಟ್ಟಿತ್ತು. ಆಮೇಲೆ ಒರಟಾಗಿದ್ದ ತುದಿಯನ್ನು ಅರದಲ್ಲಿ ಉಜ್ಜಿ ನಯ ಮಾಡಿದ್ದಳು. ಸಂಜೆ ಅವನು, ಜಗಳ ಮರೆಸಲೆಂದೇ ಇರಬೇಕು, ಮೆಲ್ಲಗೆ, “ತುದಿ ನೋಡಿದ್ಯಾ?” ಎಂದು ಕೇಳಿದ್ದ. “ನೋಡಿದೆ.” “ಜೀವಂತಾನಾ?” “ಹ್ಞೂಂ ಅಂದೆನಲ್ಲ.” ಅವಳು ಹ್ಞೂಂ ಅಂದದ್ದನ್ನು ಅವನು ಕೇಳಿರಲಿಲ್ಲ, ಅವಳು ಅಂದಿರಲೂ ಇಲ್ಲ. ಆದರೂ ನಂಬಿದ್ದ. ಅನುಮಾನಪಟ್ಟವನು ಎಲ್ಲೋ ದೂರದಲ್ಲಿದ್ದ.

ಪ್ರಯೋಗಾಲಯದ ನಿರ್ದೇಶಕರಿಗೆ ಆಮೆ ಎಂದು ಹೆಸರಿಟ್ಟವನು ಗಂಡನೇ. ಒಂದು ವಾಕ್ಯ ಮುಗಿಸುವುದರೊಳಗೆ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಅವಳು ಫಿಲ್ಮು ಹಿಡಿದು ಒಳಗೆ ಹೋದಾಗ ಅವರು ಎದ್ದು ನಿಂತರು. ಹದಿನಾಲ್ಕು ತಿಂಗಳಿಂದ ಅವಳು ಒಳಗೆ ಬಂದರೆ ಅವರು ಎದ್ದು ನಿಲ್ಲುತ್ತಾರೆ. ಅದಕ್ಕೆ ಮೊದಲು ಕತ್ತೆತ್ತಿ ನೋಡುತ್ತಲೂ ಇರಲಿಲ್ಲ. ಮೇಜಿನ ಮೇಲೆ ನಾಳೆ ಕಳಿಸಬೇಕಾದ ವರದಿ ಇತ್ತು, ಮೊದಲ ಪುಟದಲ್ಲಿ ಗಂಡನ ಹೆಸರು, ಸುತ್ತ ಕಪ್ಪು ಗೆರೆ. “ಕೂತ್ಕೊ ಅಮ್ಮ. ನೀರು… ತರಿಸ್ಲಾ?” ಅವಳು ಎರಡು ಫಿಲ್ಮನ್ನೂ ಕಿಟಕಿಗೆ ಹಿಡಿದು, ಒಂದನ್ನು ಜಾರಿಸಿ ತೋರಿಸಿದಳು. ಅವರಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಈ ಕೆಲಸದಲ್ಲಿ ಅವರಿಗೆ ನಲವತ್ತು ವರ್ಷ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು.

“ತುದಿ ಸತ್ತಿತ್ತು.”

“ಹೌದು ಸರ್.”

“ಅಂದ್ರೆ… ದಿಬ್ಬ ಬೆಳೀತಿಲ್ಲ.”

“ಎರಡು ಸೆಕೆ ಆದ್ಮೇಲೂ ಸುಧಾರಿಸ್ಕೊಳ್ಳೋಕೆ ಅದಕ್ಕೆ ಪುರುಸೊತ್ತೇ ಸಿಕ್ಕಿಲ್ಲ ಸರ್. ಇನ್ನೊಂದು ಸೆಕೆ ಬಂದ್ರೆ ಇದೂ ಹೋಗುತ್ತೆ.”

ಅವರು ವರದಿಯನ್ನು ತಮ್ಮ ಕಡೆ ಎಳೆದುಕೊಂಡು, ಬೆಳವಣಿಗೆಯ ಅಂಕಿಯಿದ್ದ ಪುಟ ತೆಗೆದು, ಪೆನ್ನಿನಿಂದ ಇಡೀ ಪುಟಕ್ಕೆ ಒಂದು ಓರೆ ಗೆರೆ ಎಳೆದರು. ಒಂದು ಕ್ಷಣವೂ ತಡಮಾಡಲಿಲ್ಲ. ಆ ಮನುಷ್ಯನಲ್ಲಿ ಇಷ್ಟು ಚುರುಕಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಹಾಗೆ ಗೆರೆ ಎಳೆಯಲು ಅವರು ಹಿಂದೆಮುಂದೆ ನೋಡುತ್ತಾರೆ, ತಾನು ವಾದ ಮಾಡಬೇಕಾಗುತ್ತದೆ, ವಾದದ ಬಿಸಿಯಲ್ಲಿ ಇನ್ನೊಂದು ಮಾತೂ ಹೊರಬಂದುಬಿಡುತ್ತದೆ ಎಂದು ಅವಳು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ವಾದವೇ ಹುಟ್ಟಲಿಲ್ಲ. “ಸರಿ. ನಿಜ ಇದ್ದದ್ದು ನಿಜ,” ಎಂದರು. ಆಮೇಲೆ ಮತ್ತೆ ಆಮೆಯಾದರು. “ಕಾರಣ ಒಂದು… ಬರೀಬೇಕಾಗುತ್ತಲ್ಲ ಅಮ್ಮ. ಹೇಗೆ ತಪ್ಪಿತು ಅಂತ. ನೀನೇನೂ ಹಚ್ಕೋಬೇಡ. ನೀರೊಳಗೆ… ಕದಡಿರುತ್ತೆ, ಗಡಿಬಿಡಿ ಇರುತ್ತೆ. ಸಂಗ್ರಹಿಸಿದವರು ತುದಿಯನ್ನು ತಪ್ಪಾಗಿ ಗುರುತಿಸಿದ್ದರು ಅಂತ ಒಂದು ಸಾಲು. ಪಾಪ, ಅವನಿಗಿನ್ನು… ಅದರಿಂದ ಏನೂ ಆಗಬೇಕಾದ್ದಿಲ್ಲ. ಸತ್ತವರ ಮೇಲೆ ಯಾರೂ ಸಿಟ್ಟು ಮಾಡಲ್ಲ.”

ಮುಳುಗುವ ಪುಸ್ತಕ ಅವಳ ಕೈಚೀಲದಲ್ಲೇ ಇತ್ತು. ತೆಗೆದು ಮೇಜಿನ ಮೇಲಿಟ್ಟರೆ ಮುಗಿಯಿತು. ಅವಳು ನಿರ್ದೇಶಕರ ಕಿವಿಯ ಮೇಲಿನ ಬಿಳಿ ಕೂದಲನ್ನು ನೋಡಿದಳು, ಮೂರು ಕೂದಲು ಮಾತ್ರ ಬೇರೆಲ್ಲವುಗಳಿಗಿಂತ ಉದ್ದ. ಗಂಡ ಇದ್ದಿದ್ದರೆ ಇದನ್ನು ಹೇಳಿ ನಗಿಸಬಹುದಿತ್ತು. “ಸರಿ ಸರ್,” ಎಂಬ ಮಾತು ಕೋಣೆಯಲ್ಲಿ ಕೇಳಿಸಿತು. ಅದು ತನ್ನ ದನಿಯೆಂದು ತಿಳಿಯುವಷ್ಟರಲ್ಲಿ ಅವರು, “ನಾಳೆ ಹತ್ತಕ್ಕೆ ಬಂದು ಓದಿ ಸಹಿ ಹಾಕು. ಈಗ ಮನೆಗೆ ಹೋಗು. ಅತ್ತೆಯವರಿಗೆ… ನಿಧಾನವಾಗಿ ಹೇಳು,” ಎನ್ನುತ್ತ ಮತ್ತೆ ಎದ್ದು ನಿಂತಿದ್ದರು. ಹೊರಗೆ ಬಂದು ಅವಳು ಕೈ ತೊಳೆಯುವ ಕೋಣೆಗೆ ಹೋಗಿ, ನಲ್ಲಿ ತಿರುಗಿಸಿ, ಉಗುರುಗಳನ್ನು ಉಜ್ಜಿದಳು. ಅವನಿಗೆ ಇನ್ನು ಏನೂ ಆಗಬೇಕಾದ್ದಿಲ್ಲ. ಅದು ನಿಜ. ಅವಳಿಗೆ ಅಳು ಬರಲಿಲ್ಲ. ಒಂದು ಬಗೆಯ ಹಗುರ ಬಂತು, ಊಟ ಬಿಟ್ಟ ಎರಡನೆಯ ದಿನ ಬರುವಂಥದ್ದು. ಆ ಹಗುರಕ್ಕೆ ಹೇಸಿಗೆಪಟ್ಟುಕೊಳ್ಳಲೂ ಅವಳು ಸ್ವಲ್ಪ ಕಾಯಬೇಕಾಯಿತು.

ಬಸ್ಸಿನಲ್ಲಿ ಕಿಟಕಿಯ ಬದಿ ಸೀಟು ಸಿಕ್ಕಿತು. ದಡದುದ್ದಕ್ಕೂ ಸಾಲುಮನೆಗಳು, ಕೆಲವು ಮನೆಗಳ ಹಿಂಬಾಗಿಲಿಗೆ ಮರಳುಚೀಲ ಪೇರಿಸಿದ್ದರು. ಅಂಗಳದಲ್ಲಿ ಯಾರೋ ಬಟ್ಟೆ ಹರವುತ್ತಿದ್ದರು. ಇವರಿಗೆಲ್ಲ ದಿಬ್ಬ ಬೆಳೆಯುತ್ತಿದೆ, ಅಲೆಯನ್ನು ಅದು ಅಲ್ಲೇ ಒಡೆಯುತ್ತದೆ, ಎಂದು ಪತ್ರಿಕೆ ಹೇಳಿತ್ತು. ನಾಳೆಯಿಂದ ಇಲ್ಲ ಎನ್ನುತ್ತದೆ. ಅದು ಆಗುವುದು ಆಗುತ್ತದೆ, ಆಮೆ ಗೆರೆ ಎಳೆದಾಯಿತು. ಅವಳಿಗೆ ಉಳಿದದ್ದು ಒಂದೇ ಸಾಲು. ಸಂಗ್ರಹಿಸಿದವರು. ಬಸ್ಸು ತಿರುವಿನಲ್ಲಿ ವಾಲಿದಾಗ ಪಕ್ಕದ ಹೆಂಗಸಿನ ಭುಜ ಅವಳ ಭುಜಕ್ಕೆ ತಾಗಿತು. ಅವತ್ತಿನ ಜಗಳವೂ ಬಸ್ಸಿನಲ್ಲೇ ಶುರುವಾಗಿತ್ತು, ಇದೇ ತಿರುವಿರಬೇಕು. ಜನರ ನಡುವೆ ಜೋರಾಗಿ ಮಾತಾಡಲಾಗದೆ ಇಬ್ಬರೂ ಹಲ್ಲು ಕಚ್ಚಿ ಪಿಸುಗುಟ್ಟುತ್ತ ಜಗಳವಾಡಿದ್ದರು. ಎರಡು ಕೋಣೆಯ ಮನೆ, ಇನ್ನೂ ಎರಡು ವರ್ಷ ಆಗಿಲ್ಲ ನಮಗೆ, ನನ್ನನ್ನು ಒಂದು ಮಾತು ಕೇಳಿದ್ಯಾ, ಎಂದು ಅವಳು. ಎಲ್ಲಿಗೆ ಹೋಗ್ತಾಳೆ ಅಮ್ಮ, ಎಂದು ಅವನು. ಎಲ್ಲಿಗಾದ್ರೂ, ಎಂದಿದ್ದಳು. ಅವಳ ಬಾಯಿಂದ ಬಂದದ್ದು ಆ ಪದವೇ. ಮೂರು ತಿಂಗಳ ಮೇಲೆ ಅತ್ತೆ ಒಂದು ಟ್ರಂಕು, ಒಂದು ಹಾಸಿಗೆ ತೆಗೆದುಕೊಂಡು ಬಂದರು. ಬಂದವರೇ ಇವಳ ಗಲ್ಲ ಹಿಡಿದು ನೋಡಿದ್ದರು. ಆ ಪ್ರೀತಿಗೆ ಅವಳಿಗೆ ಇನ್ನೂ ಅರ್ಥ ಸಿಕ್ಕಿರಲಿಲ್ಲ.

ಮನೆಯಲ್ಲಿ ಅತ್ತೆ ಕಿಟಕಿಯ ಬಳಿ ಕೂತು, ದಿಂಬಿನ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದರು. ಚಪ್ಪಲಿಯ ಸದ್ದಿಗೆ ಸೂಜಿ ನಿಂತಿತು. ಇನ್ನೂ ಬಿಸಿಲಿತ್ತು.

“ಬಂತಾ ಚಿತ್ರ?”

“ಬಂತು.”

“ಏನಂತೆ?”

ಅವಳು ಕೈಚೀಲ ಕೆಳಗಿಡಲಿಲ್ಲ. “ಅವರು ಹೇಳಿದ್ದು ತಪ್ಪು ಅತ್ತೆ. ದಿಬ್ಬ ಬೆಳೀತಿಲ್ಲ.”

ಅತ್ತೆ ಕೆಲವು ಕ್ಷಣ ಅವಳ ಬಾಯನ್ನೇ ನೋಡಿದರು. ಆಮೇಲೆ, ಹೊಲಿಗೆಯ ದಾರ ಹಲ್ಲಿನಲ್ಲಿ ಕಡಿದು, “ತಪ್ಪು ಅಂದ್ರೆ? ಅವನು ಲೆಕ್ಕದಲ್ಲಿ ತಪ್ಪೋ ಹುಡುಗ ಅಲ್ಲ. ಚಿಕ್ಕಂದಿನಿಂದ ಅಲ್ಲ. ನಿಮ್ಮ ಯಂತ್ರ ಕೆಟ್ಟಿರುತ್ತೆ. ಇನ್ನೊಂದ್ಸಲ ತೆಗೆಸು,” ಎಂದರು.

“ಯಂತ್ರ ಸರಿಯಾಗಿದೆ.”

“ಹಾಗಾದ್ರೆ ಆ ಅನುಮಾನದವನು ಗೆದ್ದನಾ? ಅವನ ಮಾತಿಗೆ ನನ್ನ ಮಗನ್ನ ನೀರಿಗೆ ಕಳಿಸಿ, ಈಗ ಅವನೇ ಸರಿ ಅಂತೀಯಾ? ತಪ್ಪು ಮಾಡಿ, ಆ ತಪ್ಪಿಗೇ ಸತ್ತ ಅಂತೀಯಾ ನನ್ನ ಮಗ?” ದನಿ ಏರಿರಲಿಲ್ಲ. ಕೊನೆಯ ಮಾತಿಗೆ ಮಾತ್ರ ಒಡೆಯಿತು. ದಿಂಬಿನ ಚೀಲದೊಳಗೆ ಕೈ ಹಾಕಿ, ಅಲ್ಲೇನೋ ಹುಡುಕುವವರಂತೆ ಮೂಲೆಗಳನ್ನು ತಡವತೊಡಗಿದರು. ಒಂದು ಮೂಲೆ, ಇನ್ನೊಂದು ಮೂಲೆ, ಮತ್ತೆ ಮೊದಲಿನದು.

ಹೌದು ಎಂದರೆ ಸಾಕಿತ್ತು. ಮುದುಕಿ ನಾಲ್ಕು ದಿನ ಅಳುತ್ತಾರೆ, ಚೌಕಟ್ಟು ಗೋಡೆಯಿಂದ ಇಳಿಯುತ್ತದೆ ಅಥವಾ ಇಳಿಯುವುದಿಲ್ಲ, ನೀರು ಕದಡಿತ್ತು ಅತ್ತೆ, ಯಾರಿಗಾದರೂ ಆಗುತ್ತೆ, ಎಂದು ತಾನು ಬೆನ್ನು ಸವರಬಹುದು. ಆ ಸವರುವ ಕೈ ಅವಳಿಗೆ ಸ್ಪಷ್ಟವಾಗಿ ಕಾಣಿಸಿತು. ಎಷ್ಟು ಒಳ್ಳೆಯ ಕೈ.

“ಅವರಲ್ಲ. ನಾನು,” ಎಂದಳು.

ಪುಸ್ತಕ ತೆಗೆದು ಓದಿ ಹೇಳಿದಳು. ಅತ್ತೆಗೆ ಓದಲು ಬರುತ್ತದೆ, ಆದರೂ ಓದಿದಳು. ತುದಿ ಎಂದರೇನು, ಕಂದು ಪದರ ಎಂದರೇನು, ತೊಟ್ಟಿಗೆ ಹಾಕುವ ಮೊದಲು ಏನು ಮಾಡಬೇಕು, ತಾನು ಏನು ಮಾಡಲಿಲ್ಲ. ಸಂಜೆ ಅವನು ಕೇಳಿದ್ದು. ತಾನು ಹೇಳಿದ್ದು. ಹೇಳುತ್ತ ಹೋದಂತೆ ದನಿ ತರಗತಿಯಲ್ಲಿ ಪಾಠ ಒಪ್ಪಿಸುವ ಹುಡುಗಿಯದಾಯಿತು, ಅದನ್ನು ತಡೆಯಲಾಗಲಿಲ್ಲ. “ನಾನು ನೋಡಿದ್ದಿದ್ರೆ ಆ ದಿಂಡನ್ನ ಅವತ್ತೇ ಪಕ್ಕಕ್ಕೆ ಇಡ್ತಿದ್ವಿ. ಅವರು ಅದನ್ನ ಬರೀತಾನೇ ಇರಲಿಲ್ಲ. ಯಾರೂ ಅನುಮಾನ ಪಡ್ತಿರಲಿಲ್ಲ. ಎರಡನೇದಕ್ಕೆ ಹೋಗ್ತಿರಲಿಲ್ಲ.”

ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ಉಜ್ಜುತ್ತಿದ್ದ ಸದ್ದು ಗೋಡೆಯೊಳಗಿಂದ ಬರುತ್ತಿತ್ತು.

“ನೋಡಿದೆ ಅಂದ್ಯಾ ಅವನಿಗೆ?”

“ಅಂದೆ.”

“ನೋಡಿರ್ಲಿಲ್ಲ.”

“ಇಲ್ಲ.”

“ಯಾಕೆ? ನೀನು ಹಾಗೆಲ್ಲ ಮಾಡೋಳಲ್ಲ. ಅಕ್ಕಿ ಎರಡು ಸಲ ಆರಿಸೋಳು ನೀನು.”

“ಅವತ್ತು ನಮಗೆ ಜಗಳ ಆಗಿತ್ತು.”

“ಯಾವ್ದಕ್ಕೆ?”

ಜಗಳಕ್ಕೆ ಕಾರಣಗಳೇನು ಕಡಿಮೆ! ಗಂಡಹೆಂಡಿರದು, ಉಂಡು ಮಲಗುವ ತನಕ. ಏನನ್ನಾದರೂ ಹೇಳಬಹುದಿತ್ತು. ಅವಳ ಬಾಯಿಗೆ ಬೇರೊಂದು ಬರಲೇ ಇಲ್ಲ. “ನೀವು ಇಲ್ಲಿಗೆ ಬರೋದು ನಂಗೆ ಬೇಡ ಆಗಿತ್ತು.”

ಅತ್ತೆಯ ಮುಖದಲ್ಲಿ ಸಿಟ್ಟು ಬರುತ್ತದೆಂದು ಅವಳು ಕಾದಳು. ಬಂದದ್ದು ಗೊಂದಲ, ಯಾವುದೋ ವಿಳಾಸ ಕೇಳಿಸಿಕೊಂಡು, ತಾನು ಇಳಿದ ನಿಲ್ದಾಣವೇ ತಪ್ಪು ಎಂದು ಗೊತ್ತಾದವರ ಮುಖ. “ನೀನೇ ಕರೀತಿದ್ದೀಯ ಅಂದ ನಂಗೆ,” ಎಂದರು. “ಅವಳು ಒಬ್ಬಳೇ ಇರ್ತಾಳೆ, ನಾನು ನೀರಿಗೆ ಹೋದಾಗ ಹೆದರ್ತಾಳೆ, ಅಮ್ಮನ್ನ ಕರ್ಕೊಂಡು ಬಾ ಅಂತ ಅವಳೇ ಹಠ ಮಾಡ್ತಿದ್ದಾಳೆ ಅಂದ. ಅದಕ್ಕೇ ಬಂದೆ. ಇಲ್ದಿದ್ರೆ ಬರ್ತಿದ್ನಾ ನಾನು?” ಸ್ವಲ್ಪ ತಡೆದು, ತಮಗೇ ಎಂಬಂತೆ, “ಇಬ್ಬರಿಗೂ ಒಂದೊಂದು ಸುಳ್ಳು,” ಎಂದರು. ಯಾವ ಇಬ್ಬರು ಎಂದು ಬಿಡಿಸಿ ಹೇಳಲಿಲ್ಲ.

ಎದ್ದರು. ಸೂಜಿಯನ್ನು ಚೀಲಕ್ಕೇ ಚುಚ್ಚಿ, ಚೀಲ ಮಡಿಸಿ, ಎದೆಗೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ಒಳಗಿನ ಚಿಲಕ ಬಿತ್ತು. ಮೂರು ವರ್ಷದಲ್ಲಿ ಆ ಬಾಗಿಲು ಮುಚ್ಚಿದ್ದನ್ನೇ ಅವಳು ನೋಡಿರಲಿಲ್ಲ.

ಅವಳು ಬಾಗಿಲ ಈಚೆ, ಕೈಚೀಲ ಭುಜದಲ್ಲೇ ಇದ್ದಂತೆ, ನೆಲದ ಮೇಲೆ ಕೂತಳು. ಅಳು ಕೇಳಿಸಬಹುದೆಂದು ಕಿವಿಗೊಟ್ಟಳು. ಮಂಚದ ಕಿರುಗುಟ್ಟು ಒಂದು ಸಲ ಕೇಳಿಸಿತು, ಅಷ್ಟೇ. ಬಿಸಿಲು ಕಿಟಕಿಯಿಂದ ಸರಿದು ಗೋಡೆಗೆ ಹತ್ತಿತು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳಿಗೆ ಹಸಿವಾಗುತ್ತಿತ್ತು. ಈ ಹೊತ್ತಿನಲ್ಲಿ, ಇಂಥ ಹೊತ್ತಿನಲ್ಲಿ, ಹೊಟ್ಟೆ ನಾಚಿಕೆಯಿಲ್ಲದೆ ಸದ್ದು ಮಾಡಿತು. ಬಾಗಿಲಾಚೆಗೂ ಅದು ಕೇಳಿಸಿತೇನೋ ಎಂದು ಅವಳು ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡಳು.

“ಆ ನಿಮ್ಮ ಸರ್‌ಗೆ ಏನು ಹೇಳಿದೆ?” ಅತ್ತೆಯ ದನಿ ಬಾಗಿಲಿಗೆ ಬಹಳ ಹತ್ತಿರದಿಂದ ಬಂತು.

ಅವಳು ಬೆಚ್ಚಿದಳು. “ನಿಮ್ಮ ಮಗನೇ ತಪ್ಪು ಮಾಡಿದ್ದಾರೆ ಅಂತ…” ಎಂದು ಶುರುಮಾಡಿ, ನಿಲ್ಲಿಸಿ, ಸರಿಪಡಿಸಿಕೊಂಡಳು. “ನಿಮ್ಮ ಮಗನದೇ ತಪ್ಪು ಅಂತ ಬರೀತೀನಿ ಅಂದ್ರು ಸರ್. ನಾನು ಸರಿ ಅಂದೆ. ನಾಳೆ ಹೋಗಿ ಸಹಿ ಹಾಕ್ಬೇಕು.”

ಒಳಗೆ ಉಸಿರು ಎಳೆದುಕೊಂಡದ್ದು ಕೇಳಿಸಿತು.

“ನಾಳೆ ಎಷ್ಟು ಹೊತ್ತಿಗೆ?”

“ಹತ್ತಕ್ಕೆ.”

“ನಾನೂ ಬರ್ತೀನಿ. ನನ್ನ ಮುಂದೆ ಹೇಳಿದ್ದನ್ನ ಅವರ ಮುಂದೆ ಹೇಳ್ಬೇಕು ನೀನು. ಒಂದು ಮಾತು ಬಿಡದ ಹಾಗೆ. ನಾನು ಪಕ್ಕದಲ್ಲಿ ಕೂತು ಕೇಳ್ತೀನಿ.”

“ಬನ್ನಿ ಅತ್ತೆ. ಹೇಳ್ತೀನಿ.”

ಪಕ್ಕದ ಮನೆಯ ಪಾತ್ರೆಗಳ ಸದ್ದು ನಿಂತಿತ್ತು. ಇನ್ನು ಮಾತಿಲ್ಲ ಎಂದುಕೊಂಡು ಅವಳು ಗೋಡೆ ಹಿಡಿದು ಎದ್ದಾಗ, ಒಳಗಿಂದ, ಆಯಾಸವಾದವರು ಲೋಟ ಕೆಳಗಿಟ್ಟುಬಿಡುವಷ್ಟು ಮೆಲ್ಲಗೆ, “ಇವತ್ತೊಂದಿನ ನನ್ನ ಅತ್ತೆ ಅನ್ಬೇಡ,” ಎಂಬ ಮಾತು ಬಂತು.

ಅವಳು ಬಾಗಿಲ ಮುಂದೆ ನಿಂತಳು. ಊಟಕ್ಕೆ ಕರೆಯಬೇಕಾಗಿತ್ತು. ಏನೆಂದು ಕರೆಯಬೇಕೋ ತಿಳಿಯಲಿಲ್ಲ.